ಮನೆಯವರ ಕೈಗೆ ಬಂದ ಅಳತೆ

ತುಂಗೆಯ ದಡದ ಶಿವಮೊಗ್ಗಕ್ಕೂ ಭದ್ರೆಯ ದಡದ ಭದ್ರಾವತಿಗೂ ನಡುವೆ ಇರುವುದು ಸುಮಾರು 20 ಕಿಲೋಮೀಟರ್ ಅಂತರವೇ ಆದರೂ, ಮಕ್ಕಳ ಕಾಯಿಲೆಗಳನ್ನು ನೋಡಿಕೊಂಡ ಬಗೆಯಲ್ಲಿ ಈ ಎರಡು ಊರುಗಳು ಇಪ್ಪತ್ತನೆಯ ಶತಮಾನದಲ್ಲಿ ಬೇರೆ ಬೇರೆ ದಾರಿ ಹಿಡಿದವು. ಒಂದು ಜಿಲ್ಲಾ ಕೇಂದ್ರವಾಗಿ ಸರ್ಕಾರಿ ಆಸ್ಪತ್ರೆಯ ಸುತ್ತ ಬೆಳೆಯಿತು. ಇನ್ನೊಂದು ಬೆಂಕಿಪುರವೆಂಬ ಸಣ್ಣ ಊರಿನಿಂದ ಕಬ್ಬಿಣದ ಕಾರ್ಖಾನೆಯ ಪಟ್ಟಣವಾಗಿ ಮಾರ್ಪಟ್ಟಿತು. ಮಗುವಿನ ಜ್ವರ, ಭೇದಿ, ಕೆಮ್ಮುಗಳ ಬಗ್ಗೆ ಮೊದಲ ತೀರ್ಮಾನ ಮಾತ್ರ ಎರಡು ಕಡೆಯೂ ನಡೆಯುತ್ತಿದ್ದುದು ಮನೆಯೊಳಗೇ, ಅದರಲ್ಲೂ ಅಜ್ಜಿ ಮತ್ತು ತಾಯಿಯ ನಡುವೆಯೇ. ವೈದ್ಯಕೀಯದ ಇತಿಹಾಸವನ್ನು ಆಸ್ಪತ್ರೆಗಳ ಸ್ಥಾಪನೆಯ ವರ್ಷಗಳಿಂದ ಆರಂಭಿಸುವ ರೂಢಿಯಿಂದಾಗಿ ಈ ಭಾಗ ಬಹುಮಟ್ಟಿಗೆ ಬರವಣಿಗೆಯ ಹೊರಗೇ ಉಳಿದಿದೆ. ಔಷಧದ ಅಳತೆಯೂ ಅಪಾಯದ ಗುರುತೂ ಮನೆಯವರ ಕೈಯಲ್ಲಿದ್ದ ಕಾಲದಲ್ಲಿ ಆರೈಕೆ ಹೇಗಿತ್ತು, ಅವೆರಡೂ ಅಧಿಕಾರಿಗಳ ಕೈಗೆ ಹೋದಾಗ ಏನಾಯಿತು, ಮತ್ತೆ ಅವನ್ನು ಮನೆಗೆ ಮರಳಿಸುವ ಕೆಲಸ ಹೇಗೆ ನಡೆಯಿತು ಎಂಬುದನ್ನು ನೋಡದೆ ಈ ಇತಿಹಾಸ ಪೂರ್ಣವಾಗುವುದಿಲ್ಲ.

ಮಲೆನಾಡಿನ ಮನೆಗಳಲ್ಲಿ ಎಳೆಯ ಮಕ್ಕಳಿಗೆ ಕೊಡುತ್ತಿದ್ದ ಮದ್ದುಗಳಲ್ಲಿ ಮುಖ್ಯವಾದುದು ತೇಯ್ದು ನೆಕ್ಕಿಸುವ ಮದ್ದು. ಬಜೆ, ಜಾಯಿಕಾಯಿ, ಮಾಚಿಕಾಯಿ, ಅಳಲೆಕಾಯಿ, ಒಣಶುಂಠಿ ಮೊದಲಾದವನ್ನು ಒಂದು ಡಬ್ಬಿಯಲ್ಲಿಟ್ಟುಕೊಂಡು, ತೇಯುವ ಕಲ್ಲಿನ ಮೇಲೆ ತಾಯಿಯ ಹಾಲನ್ನೋ ಕಾಯಿಸಿ ಆರಿಸಿದ ನೀರನ್ನೋ ಬಿಟ್ಟು, ಒಂದೊಂದನ್ನೂ ಇಷ್ಟು ಸುತ್ತು ಎಂದು ಎಣಿಸಿ ತೇಯುತ್ತಿದ್ದರು. ಮಗು ಬೆಳೆದಂತೆ ಸುತ್ತುಗಳ ಸಂಖ್ಯೆ ಹೆಚ್ಚುತ್ತಿತ್ತು, ಹೊಟ್ಟೆ ಕೆಟ್ಟಾಗ ಒಂದು ಬೇರಿನ ಸುತ್ತು ಹೆಚ್ಚಿಸಿ ಇನ್ನೊಂದನ್ನು ಬಿಡುತ್ತಿದ್ದರು. ತೂಕದ ಬಟ್ಟಾಗಲಿ ಅಳತೆಯ ಲೋಟವಾಗಲಿ ಇಲ್ಲದ ಮನೆಯಲ್ಲಿ ಕೈಯ ತಿರುವೇ ಔಷಧದ ಪ್ರಮಾಣವಾಗಿತ್ತು, ಮತ್ತು ಆ ಪ್ರಮಾಣವನ್ನು ಸೊಸೆಗೆ ಕಲಿಸುವ ಹೊಣೆ ಅತ್ತೆಯದಾಗಿತ್ತು. ನೆಗಡಿಗೆ ದೊಡ್ಡಪತ್ರೆಯ ಎಲೆ ಬಾಡಿಸಿ ಹಿಂಡಿದ ರಸ, ಭೇದಿಗೆ ಗಂಜಿಯ ತಿಳಿ ಮತ್ತು ಮಜ್ಜಿಗೆ, ಜ್ವರಕ್ಕೆ ಕಷಾಯ ಇವೂ ಇದೇ ಬಗೆಯ ತಿಳಿವಳಿಕೆಗೆ ಸೇರಿದವು. ಕನ್ನಡದಲ್ಲಿ ಮಕ್ಕಳ ವೈದ್ಯಕ್ಕೆ ಬರವಣಿಗೆಯ ಪರಂಪರೆಯೂ ಹಳೆಯದು. ಸುಮಾರು 1200ರ ದೇವೇಂದ್ರಮುನಿಯ ಹೆಸರಿನಲ್ಲಿರುವ 'ಬಾಲಗ್ರಹ ಚಿಕಿತ್ಸೆ' ಮಕ್ಕಳನ್ನು ಪೀಡಿಸುವ ಗ್ರಹಗಳು, ಅಂದರೆ ಸೆಳೆತ, ಬೆಚ್ಚುವಿಕೆ, ಬಡಕಲಾಗುವಿಕೆ ಮುಂತಾದ ಲಕ್ಷಣಗಳಿಗೆ ಕಾರಣವೆಂದು ನಂಬಲಾಗಿದ್ದ ಶಕ್ತಿಗಳು ಮತ್ತು ಅವುಗಳ ಶಮನದ ಕುರಿತಾದ ಕೃತಿ.

ಈ ಮನೆವೈದ್ಯವನ್ನು ಕೇವಲ ಹೊಗಳಿ ಬಿಡುವುದು ನ್ಯಾಯವಲ್ಲ. ಸೆಳೆತ ಬಂದ ಮಗುವಿನ ಹೊಟ್ಟೆಗೋ ಹಣೆಗೋ ಕಾದ ಲೋಹದಿಂದಲೋ ಅರಿಸಿನದ ಕೊಂಬಿನಿಂದಲೋ ಬರೆ ಹಾಕುವುದು, ಭೇದಿಯಾದಾಗ ನೀರು ಕುಡಿಸಿದರೆ ಭೇದಿ ಹೆಚ್ಚುತ್ತದೆಂದು ಮಗುವನ್ನು ಬಾಯಾರಿಸಿಡುವುದು, ಹೆರಿಗೆಯಾದ ಮೊದಲ ದಿನಗಳ ಗಟ್ಟಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು ಇವೂ ಅದೇ ಮನೆಗಳ ಪದ್ಧತಿಗಳಾಗಿದ್ದವು, ಮತ್ತು ಇವುಗಳಿಂದ ಸತ್ತ ಮಕ್ಕಳ ಲೆಕ್ಕ ಯಾವ ದಾಖಲೆಯಲ್ಲೂ ಇಲ್ಲ. ಗಂಜಿಯ ತಿಳಿ ಕುಡಿಸಿದ ಅಜ್ಜಿಯೂ ನೀರು ನಿಲ್ಲಿಸಿದ ಅಜ್ಜಿಯೂ ಮಗುವನ್ನು ಉಳಿಸಿಕೊಳ್ಳಬೇಕೆಂಬ ಒಂದೇ ಆಸೆಯಿಂದ ನಡೆದುಕೊಂಡವರು. ಇಬ್ಬರ ನಡುವಿನ ವ್ಯತ್ಯಾಸ ಪ್ರೀತಿಯದಲ್ಲ, ತಿಳಿವಳಿಕೆಯದು ಎಂಬುದನ್ನು ಮುಂದಿನ ಕಾಲದ ಅಧಿಕಾರಿಗಳು ಗುರುತಿಸಲು ಬಹಳ ತಡವಾಯಿತು.

ಸಿಡುಬಿನ ವಿಷಯದಲ್ಲಿ ಈ ತಡ ಎದ್ದು ಕಾಣುತ್ತದೆ. ಸಿಡುಬನ್ನು ಜನರು 'ಅಮ್ಮ' ಎಂದೇ ಕರೆದರು, ಮನೆಯಲ್ಲಿ ಮಗುವಿಗೆ ಸಿಡುಬು ಎದ್ದರೆ ದೇವಿಯೇ ಬಂದಿದ್ದಾಳೆಂದು ಭಾವಿಸಿ ನಡೆದುಕೊಂಡರು. ಬಾಗಿಲಿಗೂ ಹಾಸಿಗೆಗೂ ಬೇವಿನ ಸೊಪ್ಪು ಇಡುವುದು, ಹೊರಗಿನವರನ್ನು ಒಳಗೆ ಬಿಡದಿರುವುದು, ಒಗ್ಗರಣೆ ಹಾಕದಿರುವುದು, ಮಗುವಿಗೆ ತಂಪು ಆಹಾರ ಕೊಡುವುದು, ಇಳಿದ ಮೇಲೆ ಬೇವು ಅರಿಸಿನದ ನೀರು ಎರೆಯುವುದು ಎಂಬ ಕಟ್ಟುಪಾಡುಗಳಲ್ಲಿ ರೋಗಿಯನ್ನು ಪ್ರತ್ಯೇಕವಾಗಿಡುವ ವಿವೇಕವೂ ಸೇರಿತ್ತು. ಶಿವಮೊಗ್ಗದಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಕೋಟೆ ಮಾರಿಕಾಂಬಾ ಜಾತ್ರೆಯ ಹರಕೆಗಳಲ್ಲಿ ಮಕ್ಕಳ ಆರೋಗ್ಯಕ್ಕೆ ಇಂದಿಗೂ ಇರುವ ಸ್ಥಾನದ ಹಿಂದೆ ಈ ಹಳೆಯ ಭಯದ ನೆನಪು ಇದೆ.

ಇಂಥ ಮನೆಗಳ ಬಾಗಿಲಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದವನು ದಾಕು ಹಾಕುವವನು, ಎಂದರೆ ಗೋವಿನ ಸಿಡುಬಿನ ರಸವನ್ನು ಮಗುವಿನ ತೋಳಿಗೆ ಗೀರಿ ಸಿಡುಬು ಬಾರದಂತೆ ಮಾಡುವ ಸರ್ಕಾರಿ ನೌಕರ. ಭಾರತದಲ್ಲಿ ಈ ಲಸಿಕೆಯನ್ನು ಮೊದಲು ಪಡೆದದ್ದು 1802ರ ಜೂನ್ 14ರಂದು ಮುಂಬೈಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಹೆಣ್ಣುಮಗು. ಕೆಲವೇ ವರ್ಷಗಳಲ್ಲಿ ಲಸಿಕೆ ಮೈಸೂರನ್ನು ತಲುಪಿತು, ಮತ್ತು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ಲಸಿಕೆ ಪಡೆದ ಸಂಗತಿಯನ್ನು ಪ್ರಜೆಗಳ ಹಿಂಜರಿಕೆ ಕಳೆಯಲೆಂದು ಪ್ರಚಾರ ಮಾಡಲಾಯಿತು. ಥಾಮಸ್ ಹಿಕ್ಕಿ ಎಂಬ ಐರಿಷ್ ಚಿತ್ರಕಾರ 1805ರ ಸುಮಾರಿಗೆ ಬರೆದ ಮೂವರು ರಾಜಸ್ತ್ರೀಯರ ಚಿತ್ರದಲ್ಲಿ ಒಬ್ಬಳು ಸೆರಗು ಸರಿಸಿ ತೋಳಿನತ್ತ ಕೈ ತೋರುವ ಭಂಗಿ ಇರುವುದನ್ನು ಇತಿಹಾಸಕಾರರು ಈ ಪ್ರಚಾರದೊಂದಿಗೆ ಜೋಡಿಸಿ ಓದಿದ್ದಾರೆ. ರಾಜಮನೆತನವೇ ಒಂದು ಕುಟುಂಬವಾಗಿ ಮುಂದೆ ನಿಂತು ಇತರ ಕುಟುಂಬಗಳನ್ನು ಕರೆದ ಈ ಕ್ರಮ, ಆ ಕಾಲದ ಮಟ್ಟಿಗೆ, ಆಜ್ಞೆಗಿಂತ ಹೆಚ್ಚು ವಿವೇಕದ್ದು.

ಊರೂರು ತಿರುಗಿದ ದಾಕಿನವನ ಕೈಯಲ್ಲಿ ಆ ವಿವೇಕ ಉಳಿಯಲಿಲ್ಲ. ಕರುವಿನಿಂದ ರಸ ತೆಗೆಯುವ ಪದ್ಧತಿ ಬರುವ ತನಕ ಲಸಿಕೆ ಸಾಗುತ್ತಿದ್ದುದು ತೋಳಿನಿಂದ ತೋಳಿಗೆ: ಒಂದು ಮಗುವಿನ ತೋಳಿನಲ್ಲಿ ಎದ್ದ ಗುಳ್ಳೆಯನ್ನು ಎಂಟನೆಯ ದಿನ ಒಡೆದು, ಅದರ ರಸವನ್ನು ಇನ್ನೊಂದು ಮಗುವಿನ ತೋಳಿಗೆ ಗೀರಬೇಕಾಗಿತ್ತು. ನೋವಿನಿಂದ ಅಳುವ ಮಗುವನ್ನು ಎತ್ತಿಕೊಂಡು ಪಕ್ಕದ ಊರಿಗೆ ನಡೆಯಬೇಕಾದ, ತನ್ನ ಮಗುವಿನ ಮೈಯಿಂದ ಏನನ್ನೋ ಬೇರೆ ಜಾತಿಯ ಮಗುವಿಗೆ ಕೊಡಬೇಕಾದ ತಾಯಿ ಬಾಗಿಲು ಹಾಕಿಕೊಂಡರೆ ಅದನ್ನು ಅಧಿಕಾರಿಗಳು ಮೂಢನಂಬಿಕೆ ಎಂದು ಬರೆದುಕೊಂಡರು. ಆ ತಾಯಿಗೆ ಯಾರೂ ಕಾರಣ ವಿವರಿಸಿರಲಿಲ್ಲ ಎಂಬುದು ಅವರ ವರದಿಗಳಲ್ಲಿ ಬರುವುದು ಅಪರೂಪ.

ಮಲೆನಾಡಿಗೆ ಸಿಡುಬಿಗಿಂತಲೂ ಹತ್ತಿರದ ಶತ್ರು ಮಲೇರಿಯಾ, ಜನರ ಮಾತಿನಲ್ಲಿ ಚಳಿಜ್ವರ. ವರ್ಷವರ್ಷವೂ ಜ್ವರ ಬಂದ ಮಕ್ಕಳ ಹೊಟ್ಟೆಯ ಎಡಭಾಗದಲ್ಲಿ ಗುಲ್ಮವೆಂಬ ಅಂಗ ಊದಿಕೊಂಡು ಗಡ್ಡೆಯಂತೆ ಕೈಗೆ ಸಿಗುತ್ತಿತ್ತು. ಇದನ್ನು ಮನೆಯವರು ಜ್ವರಗಡ್ಡೆ ಎಂದರೆ, ಮಲೇರಿಯಾ ತಜ್ಞರು ಒಂದು ಊರಿನ ಎರಡರಿಂದ ಹತ್ತು ವರ್ಷದ ಮಕ್ಕಳಲ್ಲಿ ನೂರಕ್ಕೆ ಎಷ್ಟು ಮಂದಿಗೆ ಈ ಊತವಿದೆ ಎಂದು ಎಣಿಸಿ ಆ ಊರಿನ ರೋಗದ ತೀವ್ರತೆಯನ್ನು ನಿರ್ಧರಿಸಿದರು. ಅಜ್ಜಿ ಮೊಮ್ಮಗುವಿನ ಹೊಟ್ಟೆ ಮುಟ್ಟಿ ತಿಳಿಯುತ್ತಿದ್ದುದನ್ನೇ ವೈದ್ಯರೂ ಮುಟ್ಟಿ ತಿಳಿಯುತ್ತಿದ್ದರು, ಆದರೆ ಅವರ ಎಣಿಕೆ ಕಚೇರಿಗೆ ಹೋಯಿತು, ಮನೆಗೆ ಮರಳಲಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–1918) ಮಲೆನಾಡಿನ ಜನಸಂಖ್ಯೆ ಕುಗ್ಗುತ್ತಿರುವುದು ಸರ್ಕಾರದ ಚಿಂತೆಯಾಗಿ, ಮಲೆನಾಡು ಅಭಿವೃದ್ಧಿಯ ಯೋಜನೆ ರೂಪುಗೊಂಡಿತು. ಕ್ವಿನೈನ್ ಮಾತ್ರೆಯ ಕಹಿ ಈ ಸೀಮೆಯ ಎರಡು ಮೂರು ತಲೆಮಾರಿನ ಬಾಲ್ಯದ ಭಾಗವೇ ಆಯಿತು. ಅದನ್ನು ಎಷ್ಟು ದಿನ, ಯಾವ ಹೊತ್ತಿಗೆ, ಯಾವ ವಯಸ್ಸಿಗೆ ಎಷ್ಟು ಕೊಡಬೇಕೆಂಬುದು ತಿಳಿಯದ ಮನೆಗಳಲ್ಲಿ ಜ್ವರ ಬಿಟ್ಟ ಮರುದಿನವೇ ಮಾತ್ರೆಯೂ ನಿಲ್ಲುತ್ತಿತ್ತು.

ಬೆಂಕಿಪುರದ ಕಾಡಂಚಿನಲ್ಲಿ 1918ರಲ್ಲಿ ಕೆಲಸ ಆರಂಭವಾಗಿ 1923ರ ಜನವರಿಯಲ್ಲಿ ಕುಲುಮೆ ಹೊತ್ತಿಸಿಕೊಂಡ ಮೈಸೂರು ಕಬ್ಬಿಣದ ಕಾರ್ಖಾನೆ, ಮತ್ತು 1930ರ ದಶಕದಲ್ಲಿ ಅದರ ನೆರೆಗೆ ಬಂದ ಮೈಸೂರು ಕಾಗದದ ಕಾರ್ಖಾನೆ, ಭದ್ರಾವತಿಗೆ ಬೇರೆಯೇ ಬಗೆಯ ಆರೋಗ್ಯ ವ್ಯವಸ್ಥೆಯನ್ನು ತಂದವು. ಕಾರ್ಖಾನೆ ನಡೆಯಬೇಕಾದರೆ ಕಾರ್ಮಿಕ ಜ್ವರದಿಂದ ಮಲಗಬಾರದು, ಕಾರ್ಮಿಕ ಉಳಿಯಬೇಕಾದರೆ ಅವನ ಹೆಂಡತಿ ಮಕ್ಕಳು ಉಳಿಯಬೇಕು ಎಂಬ ತರ್ಕದಿಂದ ಕ್ವಾರ್ಟರ್ಸ್, ನಲ್ಲಿನೀರು, ಚರಂಡಿ, ಆಸ್ಪತ್ರೆ ಎಲ್ಲವೂ ಕಂಪನಿಯ ಹೊಣೆಯಾದವು. ನ್ಯೂಟೌನ್ ಎಂಬ ಕಾರ್ಖಾನೆ ಬಡಾವಣೆಯ ಆಸ್ಪತ್ರೆ ಅಲ್ಲಿನ ಕುಟುಂಬಗಳ ಮಟ್ಟಿಗೆ ಹೆರಿಗೆಯಿಂದ ಹಿಡಿದು ಮಕ್ಕಳ ಕೆಮ್ಮಿನವರೆಗೆ ಎಲ್ಲಕ್ಕೂ ಹೋಗುವ ತಾಣವಾಯಿತು. ಇದು ದೊಡ್ಡ ಉಪಕಾರವೇ ಸರಿ. ಆದರೆ ಈ ವ್ಯವಸ್ಥೆಯಲ್ಲಿ ಕುಟುಂಬಕ್ಕಿದ್ದ ಸ್ಥಾನ ಕಾರ್ಮಿಕನ ಅವಲಂಬಿತರೆಂಬುದು. ಮಗುವಿನ ಹಕ್ಕು ತಂದೆಯ ನೌಕರಿಯ ಚೀಟಿಯಿಂದ ಹುಟ್ಟುತ್ತಿತ್ತು, ಆದ್ದರಿಂದ ಗೇಟಿನ ಹೊರಗಿನ ಹಳೆಯ ಊರಿನ ಮಗುವಿಗೂ ಗುತ್ತಿಗೆ ಕೂಲಿಯ ಮಗುವಿಗೂ ಅದೇ ಬಾಗಿಲು ಅಷ್ಟೇ ಸಲೀಸಾಗಿ ತೆರೆಯುತ್ತಿರಲಿಲ್ಲ. ಆಸ್ಪತ್ರೆ ಹತ್ತಿರವಿದ್ದುದರಿಂದ ಮನೆಯಲ್ಲಿ ಏನು ಮಾಡಬೇಕೆಂದು ಕಲಿಸುವ ಅಗತ್ಯವೂ ಯಾರಿಗೂ ತೋರಲಿಲ್ಲ.

ಶಿವಮೊಗ್ಗದಲ್ಲಿ, ಮೈಸೂರು ಸಂಸ್ಥಾನದ ವೈದ್ಯಾಧಿಕಾರಿಯಾಗಿದ್ದ ಮೆಗ್ಗಾನ್ ಅವರ ಹೆಸರು ಹೊತ್ತ ಆಸ್ಪತ್ರೆಗೆ ಸುತ್ತಲ ತಾಲ್ಲೂಕುಗಳಿಂದ ಮಕ್ಕಳು ಬರುತ್ತಿದ್ದರು, ಬಹುಪಾಲು ಕಾಯಿಲೆ ಮಿತಿಮೀರಿದ ಮೇಲೆ. ಇಂಥ ಸರ್ಕಾರಿ ಆಸ್ಪತ್ರೆಗಳ ಮಕ್ಕಳ ವಾರ್ಡಿನಲ್ಲಿ ತಾಯಿ ಮಗುವಿನ ಮಂಚದ ಪಕ್ಕದಲ್ಲೇ ಇರುವುದು ನಮ್ಮ ನಾಡಿನಲ್ಲಿ ಯಾರೂ ಹೊಸದಾಗಿ ಕಂಡುಹಿಡಿಯಬೇಕಾಗಿರಲಿಲ್ಲ. ಇಂಗ್ಲೆಂಡಿನಲ್ಲಾದರೋ ತಂದೆತಾಯಿಗಳು ವಾರ್ಡಿನಲ್ಲಿದ್ದರೆ ಶಿಸ್ತು ಕೆಡುತ್ತದೆಂದು ಅವರನ್ನು ಹೊರಗಿಟ್ಟು, 1959ರ ಪ್ಲ್ಯಾಟ್ ಸಮಿತಿಯ ವರದಿಯ ಮೂಲಕ ಆ ತಪ್ಪನ್ನು ತಿದ್ದಿಕೊಳ್ಳಬೇಕಾಯಿತು. ಇಲ್ಲಿ ತಾಯಿಯನ್ನು ಉಳಿಸಿಕೊಂಡದ್ದು ದಾದಿಯರ ಕೊರತೆಯಿಂದಲೇ ಇರಬಹುದು. ಹಾಗಿದ್ದರೂ ಮಗುವಿಗೆ ಅದರಿಂದ ಒಳಿತೇ ಆಯಿತು. ಅವಳಿಗೆ ದೊರೆಯದೆ ಹೋದದ್ದು ವಿವರಣೆ. ಮಗುವನ್ನು ಒರೆಸುವುದು, ಉಣಿಸುವುದು, ಬಾಟಲಿ ಮುಗಿದಾಗ ಕೂಗಿ ಹೇಳುವುದು ಇವೆಲ್ಲ ಅವಳ ಕೆಲಸವಾದರೂ ಕಾಯಿಲೆ ಏನು, ಮನೆಗೆ ಹೋದ ಮೇಲೆ ಯಾವ ಲಕ್ಷಣ ಕಂಡರೆ ಮರಳಿ ಬರಬೇಕು ಎಂಬುದು ಚೀಟಿಯಲ್ಲಿ ಅವಳು ಓದಲಾಗದ ಅಕ್ಷರಗಳಲ್ಲೇ ಉಳಿಯಿತು.

ಸ್ವಾತಂತ್ರ್ಯಾನಂತರ 1953ರಲ್ಲಿ ಆರಂಭವಾದ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮದಲ್ಲಿ ಡಿಡಿಟಿ ಪಂಪು ಹೊತ್ತವರು ಮನೆಮನೆಗೆ ಬಂದರು. ಪಾತ್ರೆಪಗಡಗಳನ್ನು ಹೊರಗಿಟ್ಟು ಗೋಡೆಗೆ ಸಿಂಪಡಿಸಿಹೋದ ಮೇಲೆ, ಹಬ್ಬಕ್ಕೆಂದು ಹೆಂಗಸರು ಗೋಡೆ ಸಾರಿಸಿ ಸುಣ್ಣ ಬಳಿದರೆ ಸೊಳ್ಳೆ ಕೊಲ್ಲುವ ಪುಡಿ ಸಾರಣೆಯ ಅಡಿಗೆ ಹೋಗುತ್ತಿತ್ತು. ಜ್ವರ ಇಳಿದದ್ದು ನಿಜ, ಮಲೆನಾಡಿಗೆ ಅದು ಪುನರ್ಜನ್ಮವೆಂದರೂ ಸಲ್ಲುತ್ತದೆ. ಆದರೂ ಮನೆಯ ಗೋಡೆಯನ್ನು ನೋಡಿಕೊಳ್ಳುವವರೊಂದಿಗೆ ಮಾತನಾಡದೆ ಗೋಡೆಗೆ ಮದ್ದು ಹೊಡೆಯುವ ಕ್ರಮದ ಮಿತಿ ಅಲ್ಲಿಯೇ ಗೋಚರಿಸಿತ್ತು.

ಈ ದೃಷ್ಟಿ ಬದಲಾದದ್ದು ಭೇದಿಯ ಚಿಕಿತ್ಸೆಯಿಂದ, ಮತ್ತು ಅದರ ಮೂಲ ಮಲೆನಾಡಿನಿಂದ ಬಹುದೂರದ ಬಂಗಾಳದಲ್ಲಿದೆ. 1971ರ ಬಾಂಗ್ಲಾ ಯುದ್ಧದ ನಿರಾಶ್ರಿತರು ಗಡಿಯ ಬನಗಾಂವಿನ ಆಸ್ಪತ್ರೆಯ ನೆಲದ ಮೇಲೆ ಕಾಲರಾದಿಂದ ಸಾಯುತ್ತಿದ್ದಾಗ, ನರಕ್ಕೆ ಏರಿಸುವ ಸಲೈನ್ ಮುಗಿದುಹೋದ ಸ್ಥಿತಿಯಲ್ಲಿ, ಡಾ. ದಿಲೀಪ್ ಮಹಲನಾಬಿಸ್ ಅವರು ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಅಡುಗೆ ಉಪ್ಪು, 2.5 ಗ್ರಾಂ ಸೋಡಾದ ಮಿಶ್ರಣವನ್ನು ಪೀಪಾಯಿಗಳಲ್ಲಿ ಕಲಸಿಟ್ಟು, ರೋಗಿಗಳ ಮನೆಯವರೇ ಅದನ್ನು ತುಂಬಿಕೊಂಡು ಕುಡಿಸುವಂತೆ ಮಾಡಿದರು. ಅಲ್ಲಿಯವರೆಗೆ ನೂರಕ್ಕೆ ಇಪ್ಪತ್ತು ಮೂವತ್ತರಷ್ಟಿದ್ದ ಸಾವು, ಈ ದ್ರಾವಣ ಕುಡಿದ 3,700ಕ್ಕೂ ಹೆಚ್ಚು ರೋಗಿಗಳಲ್ಲಿ 3.6ಕ್ಕೆ ಇಳಿಯಿತು. ಗ್ಲೂಕೋಸ್ ಜೊತೆಗಿದ್ದರೆ ಕರುಳು ಉಪ್ಪನ್ನೂ ನೀರನ್ನೂ ಹೀರಿಕೊಳ್ಳುತ್ತದೆಂಬುದು ಪ್ರಯೋಗಾಲಯಕ್ಕೆ ಮೊದಲೇ ತಿಳಿದಿತ್ತು, 1968ರಲ್ಲಿ ಢಾಕಾದ ವೈದ್ಯರು ರೋಗಿಗಳಲ್ಲೂ ಅದನ್ನು ತೋರಿಸಿದ್ದರು; ಬನಗಾಂವ್ ತೋರಿಸಿದ್ದು ಬೇರೆ ಸಂಗತಿಯನ್ನು. ಓದುಬರಹ ಬಾರದ, ಎಲ್ಲವನ್ನೂ ಕಳೆದುಕೊಂಡ ತಾಯಿ, ಅಣ್ಣ, ಅಜ್ಜಿಯರು ಲೋಟ ಹಿಡಿದು ಕೂತು ವೈದ್ಯರು ಮಾಡುತ್ತಿದ್ದ ಕೆಲಸವನ್ನು ಮಾಡಬಲ್ಲರು ಎಂಬುದು ಲೆಕ್ಕಸಹಿತ ಸಿದ್ಧವಾಯಿತು. ಮುಂದೆ 1980ರಿಂದ ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಅಳತೆಯನ್ನು ಹತ್ತು ವರ್ಷಗಳಲ್ಲಿ ಒಂದು ಕೋಟಿಗೂ ಮೀರಿದ ಮನೆಗಳಿಗೆ ಕಲಿಸಿತು. ಕಲಿಸಿದವಳ ಸಂಬಳವನ್ನು ಅವಳು ಎಷ್ಟು ಮನೆ ಸುತ್ತಿದಳೆಂಬುದರಿಂದಲ್ಲ, ಆ ಮನೆಯ ತಾಯಿಗೆ ಎಷ್ಟು ನೆನಪಿದೆ ಎಂಬುದರಿಂದ ನಿರ್ಧರಿಸಿತು. ಆರೋಗ್ಯ ಶಿಕ್ಷಣದ ಇತಿಹಾಸದಲ್ಲಿ ಇದಕ್ಕಿಂತ ಪ್ರಾಮಾಣಿಕವಾದ ಪರೀಕ್ಷೆ ಸಿಗುವುದು ಕಷ್ಟ.

ತೇಯುವ ಕಲ್ಲಿನ ಸುತ್ತುಗಳನ್ನು ಎಣಿಸುತ್ತಿದ್ದ ಮಲೆನಾಡಿನ ಮನೆಗೆ ಈ ಜ್ಞಾನ ಓಆರ್‌ಎಸ್ ಎಂಬ ಉಪ್ಪು-ಗ್ಲೂಕೋಸ್ ಪುಡಿಯ ಪೊಟ್ಟಣದ ರೂಪದಲ್ಲಿ ಬಂದು ಸೇರಿತು. ಪೊಟ್ಟಣ ಸುಲಭವೆನಿಸಿದರೂ ಅದರ ಉಪಯೋಗ ನಿಂತಿರುವುದು ಮತ್ತೆ ಅಳತೆಯ ಮೇಲೆಯೇ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಹಾಕದೆ ಅರ್ಧವನ್ನು ಒಂದು ಲೋಟಕ್ಕೆ ಕಲಸಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯವಾಗುತ್ತದೆ. ಮನೆಯಲ್ಲಿ ಲೀಟರಿನ ಪಾತ್ರೆ ಯಾವುದೆಂದು ತೋರಿಸಿಕೊಡದೆ ಪೊಟ್ಟಣ ಹಂಚಿದರೆ ಕೆಲಸ ಅರ್ಧವೇ ಆದಂತೆ. ಕುಡಿಸುವ ಕ್ರಮಕ್ಕೂ ತಾಳ್ಮೆ ಬೇಕು: ಎರಡು ವರ್ಷದೊಳಗಿನ ಮಗುವಿಗೆ ಒಂದೆರಡು ನಿಮಿಷಕ್ಕೊಂದು ಚಮಚ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಇನ್ನೂ ನಿಧಾನವಾಗಿ, ಎದೆಹಾಲು ಮತ್ತು ಊಟ ನಿಲ್ಲಿಸದೆ. ಯಾವ ಆಸ್ಪತ್ರೆಯ ದಾದಿಗೂ ಒಂದೊಂದು ಮಗುವಿನ ಬಳಿ ಇಷ್ಟು ಹೊತ್ತು ಕೂರುವುದು ಸಾಧ್ಯವಿಲ್ಲ, ಆದ್ದರಿಂದ ಈ ಚಿಕಿತ್ಸೆ ಸ್ವಭಾವತಃ ಮನೆಯವರದೇ. 2004ರಿಂದ ಇದರ ಜೊತೆಗೆ ಸತುವಿನ ಮಾತ್ರೆ ಸೇರಿತು. ಭೇದಿ ನಿಂತ ಮೇಲೂ ಹದಿನಾಲ್ಕು ದಿನ ಪೂರ್ತಿ ಅದನ್ನು ಕೊಡಬೇಕೆಂಬುದು ಕ್ವಿನೈನ್ ಕಾಲದ ಹಳೆಯ ತೊಡಕನ್ನೇ ಮತ್ತೆ ಮುಂದಿಡುತ್ತದೆ, ಮಗು ಗುಣವಾದಂತೆ ಕಂಡ ಕೂಡಲೇ ಮದ್ದು ಮೂಲೆ ಸೇರುತ್ತದೆ.

ನ್ಯುಮೋನಿಯಾ, ಅಂದರೆ ಶ್ವಾಸಕೋಶಕ್ಕೆ ತಗಲುವ ಸೋಂಕಿನ ವಿಷಯದಲ್ಲಿ ಇಂಥದೇ ದಾರಿ ತೆರೆದದ್ದು ಮಹಾರಾಷ್ಟ್ರದ ಗಡಚಿರೋಲಿಯಲ್ಲಿ. ಅಲ್ಲಿ ಡಾ. ಅಭಯ್ ಬಂಗ್ ಮತ್ತು ಡಾ. ರಾಣಿ ಬಂಗ್ ಅವರ ತಂಡ ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೂ ಸೂಲಗಿತ್ತಿಯರಿಗೂ ಮಗುವಿನ ಉಸಿರು ಎಣಿಸುವುದನ್ನು ಕಲಿಸಿ, 1990ರಲ್ಲಿ ತಮ್ಮ ಫಲಿತಾಂಶ ಪ್ರಕಟಿಸಿತು. ನಿಯಮ ಸರಳವಾದುದು: ಎರಡು ತಿಂಗಳಿನಿಂದ ಒಂದು ವರ್ಷದೊಳಗಿನ ಮಗು ನಿಮಿಷಕ್ಕೆ 50 ಅಥವಾ ಹೆಚ್ಚು ಸಲ, ಒಂದರಿಂದ ಐದು ವರ್ಷದೊಳಗಿನ ಮಗು 40 ಅಥವಾ ಹೆಚ್ಚು ಸಲ ಉಸಿರಾಡುತ್ತಿದ್ದರೆ ಅದು ಬರಿಯ ನೆಗಡಿಯಲ್ಲ. ಮಗು ಅಳದೆ ತಾಯಿಯ ಮಡಿಲಲ್ಲಿ ಸುಮ್ಮನಿರುವಾಗ ಅಂಗಿ ಮೇಲಕ್ಕೆತ್ತಿ, ಹೊಟ್ಟೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಉಸಿರೆಳೆದಾಗ ಪಕ್ಕೆ ಒಳಕ್ಕೆ ಸೆಳೆದರೆ ಎಣಿಕೆಗೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ 1990ರ ದಶಕದಲ್ಲಿ ರೂಪಿಸಿದ ಬಾಲ್ಯರೋಗಗಳ ಸಮಗ್ರ ನಿರ್ವಹಣೆಯ ಕಾರ್ಯತಂತ್ರಕ್ಕೆ ಮೂರು ಅಂಗಗಳಿದ್ದವು: ಆರೋಗ್ಯ ಸಿಬ್ಬಂದಿಯ ಕೌಶಲ, ಆರೋಗ್ಯ ವ್ಯವಸ್ಥೆಯ ಬಲ, ಕುಟುಂಬ ಮತ್ತು ಸಮುದಾಯದ ರೂಢಿಗಳು. ಮೂರನೆಯದಕ್ಕೆ ಬಹುತೇಕ ದೇಶಗಳಲ್ಲಿ ಹಣವೂ ಗಮನವೂ ಕಡಿಮೆಯೇ ದೊರೆತವು.

ಕರ್ನಾಟಕದಲ್ಲಿ ಈ ಮೂರನೆಯ ಅಂಗವನ್ನು ಹೊತ್ತವರು ಹೆಂಗಸರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ರಾಜ್ಯದಲ್ಲಿ ಮೊದಲು ಟಿ. ನರಸೀಪುರದಲ್ಲಿ ನೆಲೆಯೂರಿ, ಮುಂದೆ ಶಿವಮೊಗ್ಗ ಜಿಲ್ಲೆಯ ಕೇರಿಕೇರಿಗಳಿಗೂ ಅಂಗನವಾಡಿಯಾಗಿ ಬಂತು. 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆಶಾ ಕಾರ್ಯಕರ್ತೆಯನ್ನು ತಂದಿತು. 2011ರಿಂದ ಅವಳು ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವಿನ ಮನೆಗೆ 3, 7, 14, 21, 28 ಮತ್ತು 42ನೆಯ ದಿನ ಹೋಗಬೇಕು, 2018ರಲ್ಲಿ ಬಂದ ಮುಂದಿನ ಹಂತದಲ್ಲಿ ಮೂರನೆಯ ತಿಂಗಳಿನಿಂದ ಹದಿನೈದನೆಯ ತಿಂಗಳವರೆಗೆ ಮೂರು ತಿಂಗಳಿಗೊಮ್ಮೆ ಹೋಗಬೇಕು. ಭೇಟಿ ಅಂದರೆ ಬಾಗಿಲಲ್ಲಿ ನಿಂತು ತಾಯಿ ಕಾರ್ಡಿಗೆ ಗುರುತು ಹಾಕಿ ಹೋಗುವುದಲ್ಲ. ತೂಕ, ಮೈಬಿಸಿ, ಹಾಲು ಕುಡಿಯುವ ಬಗೆ ನೋಡಿ, ಅಪಾಯದ ಗುರುತುಗಳನ್ನು ಮನೆಯವರ ಬಾಯಿಂದಲೇ ಹೇಳಿಸಿ, ಓಆರ್‌ಎಸ್ ಕಲಸುವುದನ್ನು ಅವರ ಕೈಯಿಂದಲೇ ಮಾಡಿಸಿ ಹೋಗಬೇಕೆಂಬುದು ಅದರ ಆಶಯ. ಈ ಹೊತ್ತಿನಲ್ಲಿ ಅತ್ತೆಯೂ ಕೂತಿದ್ದರೆ ಕೆಲಸ ಸಲೀಸು, ಏಕೆಂದರೆ ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರು, ಜೇನುತುಪ್ಪ, ತೇಯ್ದ ಮದ್ದು ಯಾವುದೂ ಬೇಡವೆಂಬ ಇಂದಿನ ಸಲಹೆ ನೇರವಾಗಿ ತಾಗುವುದು ಅವಳ ಡಬ್ಬಿಯನ್ನು. ಬಜೆಯನ್ನು ಹೀಗಳೆಯದೆ, ಆರು ತಿಂಗಳು ಕಾಯಿರಿ ಎಂದು ಹೇಳಬಲ್ಲ ಆಶಾಳ ಮಾತು ನಡೆಯುತ್ತದೆ, ಮತ್ತು ಹಾಗೆ ಹೇಳಲು ಅವಳು ಅದೇ ಕೇರಿಯವಳಾಗಿರಬೇಕಾಗುತ್ತದೆ.

2011ರ ಜನಗಣತಿಯಲ್ಲಿ ಶಿವಮೊಗ್ಗದ ಜನಸಂಖ್ಯೆ 3.2 ಲಕ್ಷ ದಾಟಿತ್ತು, ಭದ್ರಾವತಿಯದು ಸುಮಾರು ಒಂದೂವರೆ ಲಕ್ಷದಷ್ಟಿತ್ತು. ನಗರಗಳ ಬಡವರಿಗೆಂದು 2013ರಲ್ಲಿ ಬಂದ ರಾಷ್ಟ್ರೀಯ ನಗರ ಆರೋಗ್ಯ ಅಭಿಯಾನ ಐವತ್ತರಿಂದ ನೂರು ಮನೆಗಳಿಗೊಂದು ಮಹಿಳಾ ಆರೋಗ್ಯ ಸಮಿತಿಯನ್ನು ಕಲ್ಪಿಸಿದೆ. ಭದ್ರಾವತಿಗೆ ಇದರ ಅಗತ್ಯ ವಿಶೇಷವಾಗಿ ಹೆಚ್ಚಿದೆ. ಕಾಗದದ ಕಾರ್ಖಾನೆ 2010ರ ದಶಕದಲ್ಲಿ ಉತ್ಪಾದನೆ ನಿಲ್ಲಿಸಿತು, ಕಬ್ಬಿಣದ ಕಾರ್ಖಾನೆ ಹಳೆಯ ದಿನಗಳ ನೆರಳಾಗಿ ಉಳಿಯಿತು, ಕಾಯಂ ನೌಕರರ ಜಾಗಕ್ಕೆ ಗುತ್ತಿಗೆ ಕಾರ್ಮಿಕರು ಬಂದರು. ತಂದೆಯ ನೌಕರಿಯ ಚೀಟಿಯ ಮೇಲೆ ನಿಂತಿದ್ದ ಮಕ್ಕಳ ಆರೋಗ್ಯ ಆ ಚೀಟಿಯೊಂದಿಗೇ ಅಲುಗಾಡಿತು. ಕಂಪನಿಯ ಆಸ್ಪತ್ರೆಯ ನೆರಳಲ್ಲಿ ಬೆಳೆದ ಮನೆಗಳು ಉಸಿರು ಎಣಿಸುವುದನ್ನು, ಚಮಚದಲ್ಲಿ ಕುಡಿಸುವುದನ್ನು ಈಗ ಹೊಸದಾಗಿ ಕಲಿಯಬೇಕಾಗಿದೆ.

ಕಲಿಸುವವಳ ಸ್ಥಿತಿಯೂ ಗಟ್ಟಿಯಾಗಿಲ್ಲ. ಆಶಾ ಕಾರ್ಯಕರ್ತೆ ಇಂದಿಗೂ ಕಾಗದದ ಮೇಲೆ ಸ್ವಯಂಸೇವಕಿ, ಅವಳಿಗೆ ಸಿಗುವುದು ಸಂಬಳವಲ್ಲ, ಗೌರವಧನ ಮತ್ತು ಕೆಲಸಕ್ಕಿಷ್ಟೆಂಬ ಪ್ರೋತ್ಸಾಹಧನ; 2025ರ ಜನವರಿಯಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಸ್ವಾತಂತ್ರ್ಯ ಉದ್ಯಾನದಲ್ಲಿ ಹಗಲಿರುಳು ಧರಣಿ ಕೂತದ್ದು ಈ ಕಾರಣಕ್ಕೆ. ಕುಟುಂಬದ ಪಾಲ್ಗೊಳ್ಳುವಿಕೆ ಎಂಬ ಮಾತಿನೊಳಗೆ ಸಂಬಳವಿಲ್ಲದ ಹೆಣ್ಣಿನ ದುಡಿಮೆ ಎಷ್ಟು ಸೇರಿದೆಯೆಂದು ಯೋಜನೆ ಬರೆಯುವವರು ಲೆಕ್ಕ ಹಾಕಿದ್ದು ಕಡಿಮೆ. ಬೀಡಿ ಕಟ್ಟುವ, ಗಾರ್ಮೆಂಟಿಗೆ ಹೋಗುವ, ಮನೆಗೆಲಸಕ್ಕೆ ತೆರಳುವ ತಾಯಿ ಒಂದೆರಡು ನಿಮಿಷಕ್ಕೊಂದು ಚಮಚದಂತೆ ಕುಡಿಸಲು ಕೂತರೆ ಆ ದಿನದ ಕೂಲಿ ಹೋಗುತ್ತದೆ, ಮತ್ತು ಬಾಡಿಗೆಯ ಒಂಟಿ ಕೋಣೆಯಲ್ಲಿ ಅವಳ ಬದಲು ಕೂರಲು ಅಜ್ಜಿ ಇರುವುದಿಲ್ಲ. ತಂದೆ ಇರುತ್ತಾನೆ. ಮನೆಭೇಟಿಯ ನಮೂನೆಗಳು ಮಾತ್ರ ಈವರೆಗೂ ಪ್ರಶ್ನೆಗಳನ್ನು ತಾಯಿಯನ್ನು ಉದ್ದೇಶಿಸಿಯೇ ಕೇಳುತ್ತವೆ. ಲೀಟರಿನ ಪಾತ್ರೆ ಯಾವುದು, ಉಸಿರು ಎಷ್ಟಾದರೆ ಹೆಚ್ಚು ಎಂಬುದನ್ನು ತಂದೆಯ ಬಾಯಿಂದಲೂ ಹೇಳಿಸುವ ಕಾಲಂ ಅವುಗಳಲ್ಲಿ ಇನ್ನೂ ಸೇರಬೇಕಾಗಿದೆ.